ಜಯನಗರದ ಫ್ಲ್ಯಾಟೋ, ಸುಂಕದಕಟ್ಟೆಯ ಆರು ಮನೆಯ ಕಟ್ಟಡವೋ? ಬಾಡಿಗೆ ಆದಾಯಕ್ಕೆ ಏರಿಯಾ ಆರಿಸುವ ಲೆಕ್ಕ

ಪ್ರಶ್ನೆ: ನಾನು ಹಾಸನದವನು, ನಿವೃತ್ತ ಪಿಯು ಉಪನ್ಯಾಸಕ, ವಯಸ್ಸು 60. ಪಿಂಚಣಿ ತಿಂಗಳಿಗೆ ಸುಮಾರು 45 ಸಾವಿರ ಬರುತ್ತದೆ. ನಿವೃತ್ತಿಯಲ್ಲಿ ಬಂದ 50 ಲಕ್ಷ, ಒಂದು ಸೈಟು ಮಾರಿ ಬಂದ 60 ಲಕ್ಷ ಕೈಯಲ್ಲಿದೆ. ಬೆಂಗಳೂರಿನಲ್ಲಿ ಬಾಡಿಗೆ ಬರುವ ಆಸ್ತಿ ಮಾಡಬೇಕೆಂದಿದ್ದೇನೆ. ಮಗ ಜಯನಗರದಲ್ಲಿ ಹಳೆಯ ಎರಡು ಬೆಡ್‌ರೂಮಿನ ಫ್ಲ್ಯಾಟ್ ತೋರಿಸಿದ್ದಾನೆ: ಬೆಲೆ 1.10 ಕೋಟಿ, ಬಾಡಿಗೆ 30 ಸಾವಿರ. ಬಾಮೈದ ಸುಂಕದಕಟ್ಟೆಯಲ್ಲಿ 20×30 ಸೈಟಿನ ಮೂರು ಅಂತಸ್ತಿನ ಕಟ್ಟಡ ನೋಡಿದ್ದಾನೆ: ಆರು ಸಣ್ಣ ಮನೆ, 1.05 ಕೋಟಿ, ಒಟ್ಟು ಬಾಡಿಗೆ 48 ಸಾವಿರ. ಸೊಸೆ ಎಲೆಕ್ಟ್ರಾನಿಕ್ ಸಿಟಿ ಕಡೆ ಅಪಾರ್ಟ್‌ಮೆಂಟ್ ತೆಗೆದುಕೊಳ್ಳಿ ಅನ್ನುತ್ತಾಳೆ: 70 ಲಕ್ಷ, ಬಾಡಿಗೆ 24 ಸಾವಿರ. ಯೂಟ್ಯೂಬಿನಲ್ಲಿ ಎ ಕ್ಲಾಸ್, ಬಿ ಕ್ಲಾಸ್, ಸಿ ಕ್ಲಾಸ್ ಏರಿಯಾ ಅಂತ ಹೇಳುತ್ತಾರೆ. ಸಿ ಕ್ಲಾಸಿನಲ್ಲಿ ಬಾಡಿಗೆ ಜಾಸ್ತಿ, ತಲೆನೋವೂ ಜಾಸ್ತಿಯಂತೆ. ನನ್ನಂಥವನು ಯಾವುದಕ್ಕೆ ಕೈ ಹಾಕಬೇಕು?

ಉತ್ತರ: ಮೇಷ್ಟ್ರೇ, ನೀವು ಕಳಿಸಿದ ಮೂರೂ ಲೆಕ್ಕ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ಇರುವ ಹಣವನ್ನೆಲ್ಲ ಒಂದೇ ಆಸ್ತಿಗೆ ಸುರಿಯಬೇಡಿ. ಸುಂಕದಕಟ್ಟೆಯ ಕಟ್ಟಡ ಕೆಟ್ಟ ವ್ಯವಹಾರವೇನಲ್ಲ. ಆದರೆ ಹಾಸನದಲ್ಲಿ ಕೂತು ನಡೆಸುವ ವ್ಯವಹಾರವೂ ಅಲ್ಲ. ಜಯನಗರದ ಫ್ಲ್ಯಾಟಿನಲ್ಲಿ ನೆಮ್ಮದಿ ಇದೆ, ಆದರೆ ಆ ನೆಮ್ಮದಿಗೆ ನೀವು ಕೊಡುವ ಬೆಲೆ ಜಾಸ್ತಿಯಾಯಿತು. ಇವೆರಡರ ನಡುವೆ ಒಂದು ದಾರಿ ಇದೆ. ಅಲ್ಲಿಗೆ ಹೋಗುವ ಮೊದಲು ಈ ಎ, ಬಿ, ಸಿ ವಿಷಯ ಮುಗಿಸೋಣ.

ಆ ಮಾತು ಅಮೆರಿಕದಲ್ಲಿ ಬಾಡಿಗೆ ಮನೆಗಳಿಗೆ ಹಣ ಹಾಕುವವರದು. ಅಲ್ಲಿ ಎಷ್ಟೋ ಕಡೆ ಒಂದು ಬಡಾವಣೆಯ ಮನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಕಟ್ಟಿದವು. ಅಲ್ಲಿರುವ ಜನರ ಆದಾಯವೂ ಹತ್ತಿರ ಹತ್ತಿರ ಇರುತ್ತದೆ. ಹಾಗಾಗಿ ದುಬಾರಿಯದು ಎ, ನಡುಮಟ್ಟದ್ದು ಬಿ, ಸಾಧಾರಣದ್ದು ಸಿ ಅಂತ ಇಡೀ ಬಡಾವಣೆಗೆ ಒಂದು ಅಕ್ಷರ ಕೊಟ್ಟುಬಿಡಬಹುದು. ಬೆಂಗಳೂರು ಹಾಗೆ ಬೆಳೆದ ಊರಲ್ಲ. ಇಂದಿರಾನಗರದ ಒಳಗೇ ಅಪ್ಪಾರೆಡ್ಡಿಪಾಳ್ಯ ಇದೆ. ಕೋರಮಂಗಲದ ಮಗ್ಗುಲಲ್ಲೇ ಈಜಿಪುರ ಇದೆ. ಎರಡು ತಿರುವು ತಿರುಗಿದರೆ ಬಾಡಿಗೆ ಅರ್ಧಕ್ಕೆ ಇಳಿಯುತ್ತದೆ. ಇಲ್ಲಿ ಏರಿಯಾದ ಹೆಸರು ನೋಡಿದರೆ ಸಾಲದು, ರಸ್ತೆ ನೋಡಬೇಕು.

ನಮ್ಮೂರಿಗೂ ತನ್ನದೇ ಒಂದು ಅಕ್ಷರಮಾಲೆ ಇದೆ, ಅದು ಬಹಳ ಜನರಿಗೆ ಗೊತ್ತಿಲ್ಲ. 2008ರಲ್ಲಿ ಆಗಿನ ನಗರ ಪಾಲಿಕೆ ಬಿಬಿಎಂಪಿ ಆಸ್ತಿ ತೆರಿಗೆಯ ಪದ್ಧತಿ ಬದಲಾಯಿಸಿದಾಗ ಇಡೀ ನಗರವನ್ನು ಎ ಇಂದ ಎಫ್‌ವರೆಗೆ ಆರು ವಲಯ ಮಾಡಿತು. ಮಾರ್ಗಸೂಚಿ ದರ, ಅಂದರೆ ನೋಂದಣಿಗೆ ಸರ್ಕಾರ ನಿಗದಿ ಮಾಡಿದ ಬೆಲೆ, ಜಾಸ್ತಿ ಇರುವ ರಸ್ತೆಗಳು ಎ, ಕಡಿಮೆ ಇರುವವು ಎಫ್. ಅದರಲ್ಲೂ ಬಾಡಿಗೆಗೆ ಕೊಟ್ಟ ಮನೆಗೆ, ಸ್ವಂತ ವಾಸದ ಮನೆಗಿಂತ ಎರಡರಷ್ಟು ದರ ಇಟ್ಟಿತು. ಎ ವಲಯದ ಆರ್‌ಸಿಸಿ ಮನೆಗೆ ಆಗ ಸ್ವಂತ ವಾಸಕ್ಕೆ ಚದರಡಿಗೆ 2.50 ರೂ., ಬಾಡಿಗೆಗೆ 5 ರೂ. ಇತ್ತು. ನೀವು ಕೊಳ್ಳುವ ಮನೆಯ ತೆರಿಗೆ ರಸೀದಿಯಲ್ಲಿ ಈ ವಲಯದ ಅಕ್ಷರ ಇರುತ್ತದೆ, ನೋಡಿ. ಈಗಿನ ಮಾಲೀಕರು ಸ್ವಂತ ವಾಸ ಅಂತ ತೆರಿಗೆ ಕಟ್ಟಿಕೊಂಡು ಒಳಗೆ ಬಾಡಿಗೆದಾರರನ್ನು ಇಟ್ಟಿದ್ದರೆ, ಆ ಹಳೆಯ ಬಾಕಿ ನಾಳೆ ನಿಮ್ಮ ತಲೆಗೆ ಬರಬಹುದು.

ಆದರೆ ಈ ಅಕ್ಷರ ನೆಲದ ಬೆಲೆಯನ್ನು ಹೇಳುತ್ತದೆ, ಅಷ್ಟೇ. ಆ ಮನೆಯಿಂದ ನಿಮ್ಮ ಕೈಗೆ ಎಷ್ಟು ಉಳಿಯುತ್ತದೆ, ಅದಕ್ಕೆ ಎಷ್ಟು ಓಡಾಟ ಬೇಕು ಅನ್ನುವುದನ್ನು ಹೇಳುವುದಿಲ್ಲ. ಅದನ್ನು ನಾವೇ ಕೂತು ಲೆಕ್ಕ ಹಾಕಬೇಕು.

ನಿಮ್ಮ ಅಂಕಿಗಳನ್ನೇ ಇಟ್ಟುಕೊಳ್ಳೋಣ. ವರ್ಷದ ಬಾಡಿಗೆಯನ್ನು ಬೆಲೆಯಿಂದ ಭಾಗಿಸಿದರೆ ಜಯನಗರ ಶೇ. 3.3, ಎಲೆಕ್ಟ್ರಾನಿಕ್ ಸಿಟಿ ಶೇ. 4.1, ಸುಂಕದಕಟ್ಟೆ ಶೇ. 5.5. ನಿಮ್ಮ ಬಾಮೈದ ತೋರಿಸುತ್ತಿರುವುದು ಈ ಕೊನೆಯ ಅಂಕಿ. ಕಾಗದದ ಮೇಲೆ ಅವರು ಹೇಳುವುದು ಸರಿಯೇ.

ಈಗ ಖರ್ಚು ಸೇರಿಸಿ. 45 ಲಕ್ಷ ಮೀರಿದ ಆಸ್ತಿಗೆ ಕರ್ನಾಟಕದ ನಗರಗಳಲ್ಲಿ ಮುದ್ರಾಂಕ ಶುಲ್ಕ, ಸೆಸ್ಸು, ಸರ್ಚಾರ್ಜು ಸೇರಿ ಶೇ. 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿದೆ. ಅಂದರೆ ಒಟ್ಟು ಶೇ. 7.6. ಜಯನಗರದ ಫ್ಲ್ಯಾಟು ನಿಜವಾಗಿ ನಿಮಗೆ ಬೀಳುವುದು 1.18 ಕೋಟಿಗೆ, ಸುಂಕದಕಟ್ಟೆಯದು 1.13 ಕೋಟಿಗೆ. ಎರಡೂ ನಿಮ್ಮ ಕೈಯಲ್ಲಿರುವ ಹಣ ಮೀರಿದವು. ಉಳಿದದ್ದಕ್ಕೆ ಸಾಲ ಮಾಡೋಣ ಅಂದರೆ, ಶೇ. 8ರ ಆಸುಪಾಸಿನ ಬಡ್ಡಿಗೆ ತಂದ ಹಣವನ್ನು ಶೇ. 3 ಕೊಡುವ ಜಾಗದಲ್ಲಿ ಇಟ್ಟ ಹಾಗೆ. 60ರ ವಯಸ್ಸಿನಲ್ಲಿ ಅದು ಬೇಡ.

ಇನ್ನು ವರ್ಷದ ಖರ್ಚು. ಜಯನಗರದ ಫ್ಲ್ಯಾಟಿನಲ್ಲಿ ಎರಡು ವರ್ಷಕ್ಕೊಮ್ಮೆ ಬಾಡಿಗೆದಾರರು ಬದಲಾಗಿ ಒಂದು ತಿಂಗಳು ಖಾಲಿ ಇದ್ದರೆ ವರ್ಷಕ್ಕೆ 15 ಸಾವಿರ ಹೋಯಿತು. ಆಸ್ತಿ ತೆರಿಗೆ 10 ಸಾವಿರ, ಬಣ್ಣ ಮತ್ತು ರಿಪೇರಿಗೆ 20 ಸಾವಿರ ಇಟ್ಟುಕೊಳ್ಳಿ. 3.60 ಲಕ್ಷದಲ್ಲಿ 3.15 ಲಕ್ಷ ಉಳಿಯಿತು. ಹಾಕಿದ ಹಣಕ್ಕೆ ಶೇ. 2.7.

ಸುಂಕದಕಟ್ಟೆಯಲ್ಲಿ ಆರು ಮನೆ. ಒಂದಲ್ಲ ಒಂದು ಖಾಲಿಯಾಗುತ್ತಲೇ ಇರುತ್ತದೆ, ಅದಕ್ಕೆ 45 ಸಾವಿರ. ಬೇಸಿಗೆಯ ಟ್ಯಾಂಕರ್, ಮೋಟರಿನ ಕರೆಂಟು, ಮೆಟ್ಟಿಲಿನ ಲೈಟು, ಸಂಪು ತೊಳೆಸುವುದು ಎಲ್ಲ ಸೇರಿ 30 ಸಾವಿರ. ನಲ್ಲಿ, ಪೈಪು, ತಾರಸಿಯ ಸೋರಿಕೆ, ಸುಣ್ಣಬಣ್ಣಕ್ಕೆ 60 ಸಾವಿರ. ತೆರಿಗೆ 15 ಸಾವಿರ. ನೀವು ಊರಲ್ಲಿಲ್ಲ, ಹಾಗಾಗಿ ಬಾಡಿಗೆ ವಸೂಲಿ ಮಾಡಿ ಪ್ಲಂಬರನ್ನು ಕರೆಯಲು ಒಬ್ಬರು ಬೇಕು. ಅವರಿಗೆ ತಿಂಗಳಿಗೆ 4 ಸಾವಿರ ಅಂದರೂ ವರ್ಷಕ್ಕೆ 48 ಸಾವಿರ. 5.76 ಲಕ್ಷದಲ್ಲಿ 3.78 ಲಕ್ಷ ಉಳಿಯಿತು. ಶೇ. 3.3. ಎಲೆಕ್ಟ್ರಾನಿಕ್ ಸಿಟಿಯ ಫ್ಲ್ಯಾಟಿಗೂ ಇದೇ ಥರ ಕಳೆದರೆ ವರ್ಷಕ್ಕೆ 2.40 ಲಕ್ಷ, ಶೇ. 3.2.

ನೋಡಿದಿರಾ? ಶೇ. 3.3, 4.1, 5.5 ಅಂತ ಅಷ್ಟು ದೂರ ದೂರ ಕಾಣುತ್ತಿದ್ದವು 2.7, 3.2, 3.3ಕ್ಕೆ ಬಂದು ನಿಂತವು. ನನ್ನ ಅಂಕಿಗಳಲ್ಲಿ ಐದೋ ಹತ್ತೋ ಸಾವಿರ ಹೆಚ್ಚುಕಡಿಮೆ ಮಾಡಿ, ಚಿತ್ರ ಬದಲಾಗುವುದಿಲ್ಲ. ಸಾಧಾರಣ ಏರಿಯಾದಲ್ಲಿ ಸಿಗುವ ಆ ಹೆಚ್ಚಿನ ಬಾಡಿಗೆಯಲ್ಲಿ ದೊಡ್ಡ ಪಾಲು ನಿಮ್ಮ ಹಣಕ್ಕೆ ಸಿಗುವ ಪ್ರತಿಫಲ ಅಲ್ಲ. ಅದು ಯಾರೋ ಮಾಡುವ ಕೆಲಸಕ್ಕೆ ಸಿಗುವ ಕೂಲಿ. ಕೆಲಸ ಮಾಡುವವರು ನೀವೇ ಆದರೆ ಕೂಲಿ ನಿಮಗೆ. ಬೇರೆಯವರಾದರೆ ಅವರಿಗೆ. ಯಾರೂ ಮಾಡದಿದ್ದರೆ ಕಟ್ಟಡ ಹಾಳಾಗುತ್ತದೆ.

ಹೋಲಿಕೆಗೆ ಇನ್ನೊಂದು ಅಂಕಿ ಪಕ್ಕದಲ್ಲಿಡುತ್ತೇನೆ. ಅಂಚೆ ಕಚೇರಿಯಲ್ಲೂ ಬ್ಯಾಂಕಿನಲ್ಲೂ ಸಿಗುವ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 2023ರ ಏಪ್ರಿಲ್‌ನಿಂದ ಶೇ. 8.2 ಬಡ್ಡಿ ಇದೆ. ಒಬ್ಬರಿಗೆ ಮಿತಿ 30 ಲಕ್ಷ. ಹೊಸದಾಗಿ ಇಡುವವರಿಗೆ ಸರ್ಕಾರ ಮೂರು ತಿಂಗಳಿಗೊಮ್ಮೆ ದರ ನಿಗದಿ ಮಾಡುತ್ತದೆ. ನೀವು ಇಟ್ಟ ದಿನದ ದರ ಮಾತ್ರ 5 ವರ್ಷ ಬದಲಾಗುವುದಿಲ್ಲ. 30 ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 61,500 ರೂ., ವರ್ಷಕ್ಕೆ 2.46 ಲಕ್ಷ. ಅಂದರೆ 75 ಲಕ್ಷಕ್ಕೆ ಬೀಳುವ ಎಲೆಕ್ಟ್ರಾನಿಕ್ ಸಿಟಿ ಫ್ಲ್ಯಾಟು ಕೊಡುವುದಕ್ಕಿಂತ ಸ್ವಲ್ಪ ಜಾಸ್ತಿಯೇ, ಅದೂ ನಲ್ಲಿ ಸೋರುವ ಚಿಂತೆ ಇಲ್ಲದೆ.

ಹಾಗಾದರೆ ಮನೆ ಯಾಕೆ ಕೊಳ್ಳಬೇಕು ಅಂತ ಕೇಳಬಹುದು. ಕಾರಣ ಇದೆ. ಬಾಡಿಗೆ ವರ್ಷದಿಂದ ವರ್ಷಕ್ಕೆ ಏರುತ್ತದೆ, ಠೇವಣಿಯ ಬಡ್ಡಿ ನಿಂತಲ್ಲೇ ನಿಲ್ಲುತ್ತದೆ. ನೆಲದ ಬೆಲೆಯೂ ಏರುತ್ತದೆ. ನೀವು ಸೈಟು ಮಾರಿದ 60 ಲಕ್ಷದ ವಿಷಯವೂ ಇದೆ. ಅದರ ಲಾಭಕ್ಕೆ ಬರುವ ತೆರಿಗೆಯನ್ನು ಎರಡು ವರ್ಷದೊಳಗೆ ವಾಸದ ಮನೆ ಕೊಂಡು ಉಳಿಸಿಕೊಳ್ಳಬಹುದು, ಬೇರೆ ಷರತ್ತುಗಳಿಗೆ ಒಳಪಟ್ಟು. ಆದರೆ ಕಾನೂನು ಹೇಳುವುದು ಒಂದು ಮನೆ ಅಂತ. ಆರು ಅಡುಗೆಮನೆ, ಆರು ಬಾಗಿಲಿರುವ ಕಟ್ಟಡವನ್ನು ಒಂದು ಮನೆ ಅಂತ ಒಪ್ಪಿಸುವುದು ವಾದದ ವಿಷಯವಾಗುತ್ತದೆ. ಟೋಕನ್ ಕೊಡುವ ಮೊದಲು ಆಡಿಟರ್ ಹತ್ತಿರ ಇದೊಂದನ್ನು ಖಂಡಿತ ಕೇಳಿ. ಬಾಮೈದನ ಲೆಕ್ಕದಲ್ಲಿ ಇದು ಇಲ್ಲವೇ ಇಲ್ಲ.

ಈಗ ಸುಂಕದಕಟ್ಟೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಇಂಥ ಏರಿಯಾಗಳ ಬಗ್ಗೆ ಜನ ಸುಮ್ನೆ ತಪ್ಪು ಮಾತಾಡುತ್ತಾರೆ. ಲಗ್ಗೆರೆ, ಸುಂಕದಕಟ್ಟೆ, ಕಾಮಾಕ್ಷಿಪಾಳ್ಯ, ದಾಸರಹಳ್ಳಿ, ಆ ಕಡೆ ಬೊಮ್ಮನಹಳ್ಳಿ, ಹೊಂಗಸಂದ್ರ. ಇಲ್ಲೆಲ್ಲ ಇರುವವರು ಗಾರ್ಮೆಂಟ್ಸಿನ ಹೆಣ್ಣುಮಕ್ಕಳು, ಪೀಣ್ಯದ ವರ್ಕ್‌ಶಾಪುಗಳಲ್ಲಿ ದುಡಿಯುವವರು, ಆಟೊ ಓಡಿಸುವವರು, ಊರಿಂದ ಬಂದು ಡೆಲಿವರಿ ಕೆಲಸ ಮಾಡುವ ಹುಡುಗರು. ನಿಮ್ಮ ಜಿಲ್ಲೆಯವರೂ ಬೇಕಾದಷ್ಟು ಜನ ಸಿಗುತ್ತಾರೆ. ಇವರು ಬಾಡಿಗೆ ಕೊಡುವುದಿಲ್ಲ ಅನ್ನುವುದು ಸುಳ್ಳು. ಸಂಬಳ ಬಂದ ಕೂಡಲೇ ಮೊದಲು ತೆಗೆದಿಡುವುದೇ ಬಾಡಿಗೆ. ಮಕ್ಕಳ ಶಾಲೆ, ಫ್ಯಾಕ್ಟರಿ, ಅಂಗಡಿಯ ಪರಿಚಯ ಎಲ್ಲ ಆ ಬೀದಿಯಲ್ಲೇ ಇರುವಾಗ ಮನೆ ಬಿಡುವ ಪರಿಸ್ಥಿತಿ ಬರಬಾರದು ಅಂತ ಬಹಳ ಎಚ್ಚರ ಇರುತ್ತದೆ.

ಗೊಂದಲ ಶುರುವಾಗುವುದು ಬೇರೆ ಕಡೆ. ಒಂದು ಉದಾಹರಣೆ ತಾರೀಖು. ಗಾರ್ಮೆಂಟ್ಸಿನಲ್ಲಿ ಸಂಬಳ ಆಗುವುದು ಸಾಮಾನ್ಯವಾಗಿ 7ರಿಂದ 10ರೊಳಗೆ. ಮಾಲೀಕರು 1ನೇ ತಾರೀಖಿಗೇ ಬಾಡಿಗೆ ಕೇಳಿದರೆ ತಿಂಗಳು ತಿಂಗಳೂ ಜಗಳ. 10ನೇ ತಾರೀಖು ಅಂತ ಕರಾರಿನಲ್ಲಿ ಬರೆದರೆ ಆ ಜಗಳವೇ ಇಲ್ಲ. ಇನ್ನೊಂದು ಮೀಟರ್. ಮೆಟ್ಟಿಲ ಕೆಳಗೆ ಹೋಗಿ ನೋಡಿ, ಆರು ಮನೆಗೆ ಆರು ಬೆಸ್ಕಾಂ ಮೀಟರ್ ಇದೆಯಾ, ಇಲ್ಲ ಒಂದೇ ಮೀಟರ್ ಇಟ್ಟು ಒಳಗೆ ಸಬ್‌ಮೀಟರ್ ಹಾಕಿದ್ದಾರಾ? 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಇದು ದೊಡ್ಡ ವಿಷಯ. ಬಾಡಿಗೆ ಮನೆಯವರಿಗೂ ಆ ಯೋಜನೆ ಸಿಗುತ್ತದೆ, ಆದರೆ ಆ ಮನೆಗೇ ಒಂದು ಮೀಟರ್ ಇರಬೇಕು. ಪಕ್ಕದ ಕಟ್ಟಡದವರಿಗೆ ಕರೆಂಟು ಪುಕ್ಕಟೆ, ಮೀಟರ್ ಇಲ್ಲದ ಮನೆಯವರು ಮಾತ್ರ ಬಿಲ್ಲು ಕಟ್ಟಬೇಕು. ಎಂಟು ಸಾವಿರದ ಬಾಡಿಗೆಯಲ್ಲಿ ನಾನೂರು ಐನೂರು ರೂಪಾಯಿ ದೊಡ್ಡ ಮೊತ್ತ. ಅವರು ಬಿಟ್ಟು ಹೋಗುತ್ತಾರೆ, ನಿಮ್ಮ ಮನೆ ಖಾಲಿ ಬೀಳುತ್ತದೆ.

ಮೂರನೆಯದು ನೀರು. ಒಂದು ಸಂಪು, ತಾರಸಿಯಲ್ಲಿ ಒಂದೋ ಎರಡೋ ಕಪ್ಪು ಟ್ಯಾಂಕು, ಕೆಳಗೆ ಒಂದು ಮೋಟರ್ ಸ್ವಿಚ್ಚು. ಆ ಸ್ವಿಚ್ಚು ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಇಡೀ ಕಟ್ಟಡದ ನೆಮ್ಮದಿ ನಿಂತಿರುತ್ತದೆ. ಬೆಳಗ್ಗೆ ಫ್ಯಾಕ್ಟರಿ ಬಸ್ಸು ಹಿಡಿಯುವವರಿಗೆ ಐದೂವರೆಗೆ ನೀರು ಬೇಕು. ಮಾಲೀಕರು ಅಲ್ಲೇ ಇದ್ದರೆ ಎದ್ದು ಸ್ವಿಚ್ ಹಾಕುತ್ತಾರೆ. ಇಲ್ಲದಿದ್ದರೆ ಕೆಳಗಿನ ಮನೆಯವರೇ ಯಜಮಾನರಾಗುತ್ತಾರೆ, ಮೇಲಿನ ಮನೆಯವರು ನಿಮಗೆ ಹಾಸನಕ್ಕೆ ಫೋನ್ ಮಾಡುತ್ತಾರೆ. ಇಂಥ ಕಟ್ಟಡಗಳಲ್ಲಿ ನಿಜವಾಗಿ ದುಡ್ಡು ಮಾಡಿದವರು ಯಾರು ಅಂತ ನೋಡಿದರೆ, ಮೇಲಿನ ಮಹಡಿಯಲ್ಲಿ ತಾವೇ ವಾಸವಿದ್ದು ಕೆಳಗಿನದನ್ನು ಬಾಡಿಗೆಗೆ ಕೊಟ್ಟವರು. ಬಾಮೈದ ಅದೇ ಬೀದಿಯಲ್ಲಿದ್ದು ಈ ಕೆಲಸ ತಾವೇ ಮಾಡುತ್ತೇನೆ ಅಂದರೆ ಲೆಕ್ಕ ಶೇ. 3.8ರ ಹತ್ತಿರ ಹೋಗುತ್ತದೆ. ಆಗಲೂ ಅವರಿಗೆ ತಿಂಗಳಿಗೆ ಇಷ್ಟು ಅಂತ ಮೊದಲೇ ಮಾತಾಡಿ ಕೊಡುವುದು ಒಳ್ಳೆಯದು. ಪುಕ್ಕಟೆ ಕೆಲಸ ಎರಡು ವರ್ಷ ನಡೆಯಬಹುದು, ಆಮೇಲೆ ಸಂಬಂಧ ಕೆಡುತ್ತದೆ.

ಈ ಏರಿಯಾಗಳಲ್ಲಿ ಇನ್ನೊಂದು ಆಸೆ ತೋರಿಸುತ್ತಾರೆ, ಲೀಸು. ಭೋಗ್ಯ ಅಂತ ನಮ್ಮ ಕಡೆ ಹೇಳುವುದು. 8 ಸಾವಿರ ಬಾಡಿಗೆಯ ಮನೆಗೆ 6 ಲಕ್ಷ ಕೊಡುತ್ತಾರೆ, ಮೂರು ವರ್ಷ ಬಾಡಿಗೆ ಇಲ್ಲ, ಬಿಡುವಾಗ 6 ಲಕ್ಷ ವಾಪಸ್. ಇದು ಆದಾಯ ಅಲ್ಲ ಮೇಷ್ಟ್ರೇ, ಸಾಲ. ಆ 6 ಲಕ್ಷವನ್ನು ಶೇ. 7ಕ್ಕೆ ಇಟ್ಟರೆ ತಿಂಗಳಿಗೆ 3,500 ಬರುತ್ತದೆ. 8 ಸಾವಿರ ಬಿಟ್ಟು 3,500 ಹಿಡಿದ ಹಾಗಾಯಿತು. ಹೆಚ್ಚು ಬಡ್ಡಿಯ ಸಾಲ ತೀರಿಸಬೇಕಾದವರಿಗೆ ಮಾತ್ರ ಅದರಲ್ಲಿ ಅರ್ಥ ಇದೆ. ಆ ಹಣ ಮಗಳ ಮದುವೆಗೋ ಇನ್ನೊಂದು ಸೈಟಿಗೋ ಹೋಗಿ, ಮೂರು ವರ್ಷದ ಮೇಲೆ ವಾಪಸ್ ಕೊಡಲು ಕೈಯಲ್ಲಿ ಇಲ್ಲದೆ ಕೋರ್ಟಿಗೆ ಹೋದವರು ಬಹಳ. ಆ 6 ಲಕ್ಷ ಕೊಡುವವರದ್ದು ಎಷ್ಟೋ ಸಲ ಇಡೀ ಜೀವನದ ಉಳಿತಾಯ. ಹಿಂದಿರುಗಿಸುವ ದಾರಿ ಇಲ್ಲದೆ ಅದನ್ನು ಮುಟ್ಟಬಾರದು. ನೀವು ಕೊಳ್ಳುವ ಕಟ್ಟಡದಲ್ಲಿ ಈಗಾಗಲೇ ಲೀಸಿಗೆ ಇರುವವರು ಇದ್ದಾರಾ ಅಂತಲೂ ಕೇಳಿ. ಇದ್ದರೆ ಆ ಮೊತ್ತ ಬೆಲೆಯಲ್ಲಿ ಕಳೆಯಬೇಕು. 48 ಸಾವಿರ ಬಾಡಿಗೆ ಅನ್ನುವುದೂ ಆಗ ಸುಳ್ಳಾಗುತ್ತದೆ.

ಜಯನಗರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒಳ್ಳೆಯ ಏರಿಯಾ, ಖಾಲಿ ಬಿದ್ದರೂ ಬೇಗ ತುಂಬುತ್ತದೆ, ಕಾವೇರಿ ನೀರಿದೆ, ಮೆಟ್ರೋ ಇದೆ. ಆದರೆ ನೀವು ಕೊಳ್ಳುತ್ತಿರುವುದು ಹಳೆಯ ಫ್ಲ್ಯಾಟು. ಜಯನಗರದಲ್ಲಿ ಏರುವುದು ನೆಲದ ಬೆಲೆ, ಗೋಡೆಯದಲ್ಲ. ಆ ನೆಲದಲ್ಲಿ ನಿಮ್ಮ ಅವಿಭಾಜ್ಯ ಪಾಲು ಎಷ್ಟು ಚದರಡಿ ಅಂತ ಕ್ರಯಪತ್ರದಲ್ಲಿ ನೋಡಿ. ಪಾಲು ಸಣ್ಣದಾಗಿದ್ದರೆ, ಕಟ್ಟಡ ಹಳೆಯದಾದ ಹಾಗೆ ಬೆಲೆ ಅಕ್ಕಪಕ್ಕದ ಸೈಟುಗಳ ಹಾಗೆ ಏರುವುದಿಲ್ಲ. ಲಿಫ್ಟು ಬದಲಾಯಿಸಬೇಕು, ಪೈಪೆಲ್ಲ ಹೊಸದು ಹಾಕಬೇಕು ಅಂತ ಸಂಘದವರು ಒಂದೇ ಸಲ ಲಕ್ಷಗಟ್ಟಲೆ ಕೇಳುವ ದಿನವೂ ಬರುತ್ತದೆ. ಮಗ ಸೊಸೆ ಮುಂದೆ ಅಲ್ಲೇ ವಾಸ ಮಾಡುತ್ತಾರೆ ಅನ್ನುವುದಾದರೆ ಅದು ಬೇರೆ ಮಾತು. ಬರೀ ಬಾಡಿಗೆಗೆ ಅಂತಾದರೆ ನನಗೆ ಒಪ್ಪಿಗೆ ಇಲ್ಲ.

ಎಲೆಕ್ಟ್ರಾನಿಕ್ ಸಿಟಿಯ ಬಗ್ಗೆ ಸೊಸೆ ಹೇಳಿದ್ದರಲ್ಲಿ ಅರ್ಥ ಇದೆ. 2025ರ ಆಗಸ್ಟಿನಲ್ಲಿ ಆರ್‌ವಿ ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮೆಟ್ರೋ ಶುರುವಾಯಿತು. ಮೊದಲು ಆ ಕಡೆ ಹೋಗಲು ಹೆದರುತ್ತಿದ್ದವರೂ ಈಗ ಮನೆ ನೋಡುತ್ತಿದ್ದಾರೆ. ಆದರೆ ಆ ಲಾಭವನ್ನು ಮಾರುವವರು ಆಗಲೇ ಬೆಲೆಯಲ್ಲಿ ಸೇರಿಸಿರುತ್ತಾರೆ. ಸ್ಟೇಷನ್ನಿಗೆ ಹತ್ತು ನಿಮಿಷದಲ್ಲಿ ನಡೆದು ಹೋಗಬಹುದಾದರೆ ಮಾತ್ರ ಮೆಟ್ರೋಗೆ ಹಣ ಕೊಡಿ. ಎರಡು ಕಿಲೋಮೀಟರ್ ಆಟೊ ಬೇಕಾದರೆ ಅದು ಮೆಟ್ರೋ ಹತ್ತಿರದ ಮನೆ ಅಲ್ಲ.

ಅಲ್ಲಿಯ ದೊಡ್ಡ ಅಪಾಯ ಒಂದೇ ಉದ್ಯಮವನ್ನು ನಂಬಿದ ಏರಿಯಾ ಅನ್ನುವುದು. 2020ರಲ್ಲಿ ಐಟಿ ಕಂಪನಿಗಳು ಮನೆಯಿಂದಲೇ ಕೆಲಸ ಮಾಡಿ ಅಂದಾಗ ಮಾರತಹಳ್ಳಿ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಪಿಜಿಗಳೂ ಫ್ಲ್ಯಾಟುಗಳೂ ಖಾಲಿಯಾದವು. 2022ರಿಂದ ಅದೇ ಏರಿಯಾಗಳಲ್ಲಿ ಬಾಡಿಗೆ ಜಿಗಿಯಿತು. ಮೇಲಕ್ಕೂ ಜೋರು, ಕೆಳಕ್ಕೂ ಜೋರು. ವಿಜಯನಗರ, ರಾಜಾಜಿನಗರದ ಕಡೆ ಬ್ಯಾಂಕಿನವರು, ಮೇಷ್ಟ್ರುಗಳು, ಅಂಗಡಿ ಇಟ್ಟವರು, ನರ್ಸುಗಳು, ಐಟಿಯವರು ಎಲ್ಲ ಬೆರೆತು ಇರುವುದರಿಂದ ಒಂದು ಉದ್ಯೋಗ ಬಿದ್ದರೂ ಬೀದಿ ಖಾಲಿಯಾಗುವುದಿಲ್ಲ. ಇನ್ನು ನೀರು. ಆನೇಕಲ್ ತಾಲ್ಲೂಕಿನ ಕಡೆ ಹೋದ ಹಾಗೆ ಎಷ್ಟೋ ಅಪಾರ್ಟ್‌ಮೆಂಟುಗಳಿಗೆ ಬೋರ್‌ವೆಲ್ಲು ಮತ್ತು ಟ್ಯಾಂಕರೇ ಗತಿ. 2024ರ ಬೇಸಿಗೆಯಲ್ಲಿ ನೀರಿಲ್ಲದೆ ಏನಾಯಿತು ಅಂತ ನಿಮಗೂ ಗೊತ್ತು. ಆ ಬೇಸಿಗೆಯ ಮೂರು ತಿಂಗಳ ಟ್ಯಾಂಕರ್ ಬಿಲ್ಲು ತೋರಿಸಿ ಅಂತ ಅಪಾರ್ಟ್‌ಮೆಂಟಿನ ಸಂಘದವರನ್ನು ಕೇಳಿ.

ದುಬಾರಿ ಏರಿಯಾ ಅಂದರೆ ಕ್ಷೇಮ ಅಂತಲೂ ಅಲ್ಲ. 2022ರ ಸೆಪ್ಟೆಂಬರ್ ಮಳೆಗೆ ಸರ್ಜಾಪುರ ರಸ್ತೆಯ ವಿಲ್ಲಾಗಳಿಂದ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರಗೆ ತಂದರು. ಕೋಟಿಗಟ್ಟಲೆ ಕೊಟ್ಟವರೂ ರಾಜಕಾಲುವೆಯ, ಅಂದರೆ ಮಳೆನೀರು ಹರಿಯುವ ದೊಡ್ಡ ಕಾಲುವೆಯ, ನಕ್ಷೆ ನೋಡಿರಲಿಲ್ಲ. ನೀವು ನೋಡಿ.

ಈಗ ನನ್ನ ಸಲಹೆ. ನಿವೃತ್ತಿಯ ಹಣದಲ್ಲಿ 30 ಲಕ್ಷ ಹಿರಿಯ ನಾಗರಿಕರ ಯೋಜನೆಗೆ ಹಾಕಿ. ಉಳಿದ 80 ಲಕ್ಷದಲ್ಲಿ, ನೋಂದಣಿ ಸೇರಿ ಮುಗಿಯುವ ಹಾಗೆ, 72 ಲಕ್ಷದೊಳಗೆ ನಡುಮಟ್ಟದ ಏರಿಯಾದಲ್ಲಿ ಒಂದು ಎರಡು ಬೆಡ್‌ರೂಮಿನ ಮನೆ ಹುಡುಕಿ. ನಾಗರಬಾವಿ, ಮೂಡಲಪಾಳ್ಯ, ಮಹಾಲಕ್ಷ್ಮಿ ಲೇಔಟಿನ ಸುತ್ತಮುತ್ತ, ಇಲ್ಲವೇ ತುಮಕೂರು ರಸ್ತೆಯ ಹಸಿರು ಮೆಟ್ರೋ ಹತ್ತಿರ. ಹಾಸನದಿಂದ ಬರುವವರಿಗೆ ನೆಲಮಂಗಲ ದಾಟಿದರೆ ಆಯಿತು, ಬೆಳಗ್ಗೆ ಹೊರಟು ಮನೆ ನೋಡಿ ಸಂಜೆಗೆ ವಾಪಸ್ ಹೋಗಬಹುದು. ಎಲೆಕ್ಟ್ರಾನಿಕ್ ಸಿಟಿಯಾದರೆ ಇಡೀ ಊರು ದಾಟಬೇಕು. ದೂರದಲ್ಲಿರುವ ಮಾಲೀಕರಿಗೆ ಇದು ಸಣ್ಣ ವಿಷಯ ಅಲ್ಲ.

22 ಸಾವಿರ ಬಾಡಿಗೆ ಹಿಡಿದರೆ ಖರ್ಚು ಕಳೆದು ವರ್ಷಕ್ಕೆ ಸುಮಾರು 2.24 ಲಕ್ಷ, ಯೋಜನೆಯಿಂದ 2.46 ಲಕ್ಷ, ಒಟ್ಟು 4.70 ಲಕ್ಷ. ಸುಂಕದಕಟ್ಟೆಯ ಕಟ್ಟಡದಿಂದ ಉಳಿಯುತ್ತಿದ್ದುದಕ್ಕಿಂತ ಜಾಸ್ತಿ, ಓಡಾಟ ಆರರಲ್ಲಿ ಒಂದು ಭಾಗ. ತೆರಿಗೆಯೂ ನಿಮ್ಮ ಪರವಾಗಿದೆ. ಬಾಡಿಗೆಯಲ್ಲಿ ಆಸ್ತಿ ತೆರಿಗೆ ಕಳೆದು ಉಳಿದದ್ದರಲ್ಲಿ ಶೇ. 30 ರಿಪೇರಿಗೆ ಅಂತ ಬಿಡುತ್ತಾರೆ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬರುವುದಿಲ್ಲ. ನಿಮ್ಮ ಪಿಂಚಣಿ, ಬಡ್ಡಿ, ಬಾಡಿಗೆ ಎಲ್ಲ ಸೇರಿದರೂ ಅದರೊಳಗೇ ಇರುತ್ತದೆ. ಸೈಟು ಮಾರಿದ ಲಾಭದ ಲೆಕ್ಕ ಮಾತ್ರ ಇದರಲ್ಲಿ ಸೇರಿಸಬೇಡಿ, ಅದು ಬೇರೆ.

ರಸ್ತೆ ಆರಿಸುವಾಗ ಒಂದೇ ಸಲ, ಅದೂ ಭಾನುವಾರ ಮಧ್ಯಾಹ್ನ ಬ್ರೋಕರ್ ಜೊತೆ ಹೋಗಿ ನೋಡಬೇಡಿ. ಬೆಳಗ್ಗೆ ಆರಕ್ಕೆ ಹೋಗಿ, ಟ್ಯಾಂಕರುಗಳು ಬರುತ್ತವಾ ನೋಡಿ. ರಾತ್ರಿ ಒಂಬತ್ತಕ್ಕೆ ಹೋಗಿ, ಹೆಣ್ಣುಮಕ್ಕಳು ಒಬ್ಬರೇ ನಡೆದು ಬರುತ್ತಿದ್ದಾರಾ ನೋಡಿ. ಎಷ್ಟು ಗೇಟುಗಳ ಮೇಲೆ ಬಾಡಿಗೆಗಿದೆ ಅನ್ನುವ ಬೋರ್ಡಿದೆ ಎಣಿಸಿಕೊಳ್ಳಿ. ಒಂದು ತಿಂಗಳ ಮೇಲೆ ಮತ್ತೆ ಹೋದಾಗ ಅವೇ ಬೋರ್ಡುಗಳು ತೂಗುತ್ತಿದ್ದರೆ ಆ ಬೀದಿ ಬೇಡ. ಇಸ್ತ್ರಿ ಅಂಗಡಿಯವರನ್ನು ಮಾತಾಡಿಸಿ. ಯಾವ ಮನೆಗೆ ಯಾರು ಬಂದರು, ಯಾಕೆ ಬಿಟ್ಟರು, ಎಷ್ಟು ಬಾಡಿಗೆ, ಎಲ್ಲ ಅವರಿಗೆ ಗೊತ್ತಿರುತ್ತದೆ. ಬ್ರೋಕರ್ ಹೇಳಿದ ಬಾಡಿಗೆಗೂ ಅವರು ಹೇಳುವ ಬಾಡಿಗೆಗೂ ವ್ಯತ್ಯಾಸ ಇದ್ದರೆ ನಾನು ಅವರ ಮಾತನ್ನೇ ಹಿಡಿಯುತ್ತೇನೆ.

ಬಾಡಿಗೆದಾರರನ್ನು ಆರಿಸುವ ಬಗ್ಗೆ ಒಂದು ಮಾತು. ನಿಮ್ಮ ಜಾತಿ ಯಾವುದು, ಮಾಂಸ ತಿನ್ನುತ್ತೀರಾ, ಯಾವ ಧರ್ಮ ಅಂತ ಕೇಳುವ ಮಾಲೀಕರು ಇನ್ನೂ ಬೇಕಾದಷ್ಟಿದ್ದಾರೆ, ನಡುಮಟ್ಟದ ಏರಿಯಾಗಳಲ್ಲೇ ಜಾಸ್ತಿ. ಇದು ಅನ್ಯಾಯ ಅಂತ ನಾನು ಬಲವಾಗಿ ನಂಬುತ್ತೇನೆ. ನಿಮ್ಮಲ್ಲಿ ಓದಿದ ಹುಡುಗರಲ್ಲೇ ಎಷ್ಟು ಜನ ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟು ಬಾಗಿಲಿಂದ ವಾಪಸ್ ಬಂದಿರಬಹುದು, ಯೋಚಿಸಿ. ಲೆಕ್ಕದಲ್ಲೂ ಅದು ನಷ್ಟವೇ, ಕೇಳಿ ಬರುವವರು ಕಡಿಮೆಯಾಗಿ ಮನೆ ಹೆಚ್ಚು ದಿನ ಖಾಲಿ ಇರುತ್ತದೆ. ಕೆಲಸ ಎಲ್ಲಿ, ಸಂಬಳ ಎಷ್ಟು, ಹಿಂದಿನ ಮನೆ ಯಾಕೆ ಬಿಟ್ಟರು, ಇಷ್ಟು ಕೇಳಿದರೆ ಸಾಕು. ಬಾಡಿಗೆ ಅವರ ಸಂಬಳದ ಮೂರನೇ ಒಂದು ಭಾಗ ಮೀರದಿದ್ದರೆ ತೊಂದರೆ ಬರುವುದು ಅಪರೂಪ. ಅಡ್ವಾನ್ಸ್ ಹತ್ತು ತಿಂಗಳದ್ದು ಕೇಳುವ ಹಳೆಯ ರೂಢಿ ಬಿಡಿ, ಮೂರು ನಾಲ್ಕು ತಿಂಗಳದ್ದು ಸಾಕು. ಅದನ್ನು ಬೇರೆ ಖಾತೆಯಲ್ಲಿಟ್ಟು, ಬಿಡುವ ದಿನವೇ ವಾಪಸ್ ಕೊಡಿ. ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್ ಅಂತ ಹಿಡಿಯುವುದಾದರೆ ಅದು ಕರಾರಿನಲ್ಲೇ ಇರಲಿ.

ಕರಾರು 11 ತಿಂಗಳದ್ದು ಮಾಡುವುದು ರೂಢಿ, ಒಂದು ವರ್ಷ ಮೀರಿದರೆ ನೋಂದಣಿ ಬೇಕಾಗುತ್ತದೆ ಅನ್ನುವ ಕಾರಣಕ್ಕೆ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂ. ಮೀರಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಅಂದರೆ ಇವತ್ತಿನ ಯಾವ ಮನೆಗೂ ಹೆಚ್ಚುಕಡಿಮೆ ಇಲ್ಲ. ಬಾಡಿಗೆದಾರರು ಬಿಡದಿದ್ದರೆ ನೋಟಿಸ್ ಕೊಟ್ಟು ಸಿವಿಲ್ ಕೋರ್ಟಿಗೆ ಹೋಗಬೇಕು, ಅದಕ್ಕೆ ವರ್ಷಗಳೇ ಬೇಕಾಗಬಹುದು. ಬಾಡಿಗೆ ಬ್ಯಾಂಕಿಗೇ ಬರಲಿ, ನಗದು ಬೇಡ.

ಕಾಗದಪತ್ರದ ವಿಷಯದಲ್ಲಿ ಏರಿಯಾ ಯಾವುದಾದರೂ ಬಿಗಿಯಾಗಿರಿ. ಆಸ್ತಿಯ ಮೇಲಿನ ಸಾಲ, ಮಾರಾಟಗಳ ದಾಖಲೆಯಾದ ಋಣಭಾರ ಪ್ರಮಾಣಪತ್ರ (ಇಸಿ) 30 ವರ್ಷದ್ದು ತೆಗೆಸಿ. ಈಗ ಬೆಂಗಳೂರಿನಲ್ಲಿ ಇ-ಖಾತಾ, ಅಂದರೆ ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ, ಇಲ್ಲದೆ ನೋಂದಣಿಯೇ ಆಗುವುದಿಲ್ಲ. ಆ ಖಾತಾ ಎ ಆಗಿದೆಯಾ, ಬಿ ಆಗಿದೆಯಾ ನೋಡಿ. ಎ ಅಂದರೆ ನಿಯಮದಂತೆ ಇರುವ ಆಸ್ತಿ, ಬಿ ಅಂದರೆ ಅನುಮೋದನೆಯಲ್ಲಿ ಕೊರತೆ ಇರುವುದು. 2007ರಲ್ಲಿ ನಗರಕ್ಕೆ ಸೇರಿದ ಸುತ್ತಲಿನ ಪ್ರದೇಶಗಳಲ್ಲಿ ರೆವಿನ್ಯೂ ಸೈಟುಗಳು, ಅಂದರೆ ಕೃಷಿ ಜಮೀನಿನಲ್ಲಿ ಅನುಮೋದನೆ ಇಲ್ಲದೆ ಮಾಡಿದ ಸೈಟುಗಳು, ಬಹಳ, ಅವು ಬಿ ಖಾತಾದವು. ಬಿ ಖಾತಾವನ್ನು ಎ ಮಾಡಿಕೊಡುವ ಯೋಜನೆ ಸರ್ಕಾರ ತಂದಿದೆ. ಆದರೆ ಆ ಶುಲ್ಕ ಮತ್ತು ಓಡಾಟ ಮಾರುವವರದ್ದಾಗಬೇಕು, ನಿಮ್ಮದಲ್ಲ. ಓಸಿಯನ್ನೂ (ಕಟ್ಟಡ ನಕ್ಷೆಯಂತೆ ಇದೆ, ವಾಸ ಮಾಡಬಹುದು ಅನ್ನುವ ಸ್ವಾಧೀನ ಪ್ರಮಾಣಪತ್ರ) ಕೇಳಿ. 2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಓಸಿ ಇಲ್ಲದ ಕಟ್ಟಡಗಳಿಗೆ ಹೊಸದಾಗಿ ಕರೆಂಟು, ನೀರಿನ ಸಂಪರ್ಕ ಪಡೆಯುವುದು ಕಷ್ಟವಾಯಿತು.

ಇಷ್ಟಾದ ಮೇಲೂ ಮನಸ್ಸು ಸುಂಕದಕಟ್ಟೆಯ ಕಡೆಗೇ ಎಳೆಯುತ್ತಿದ್ದರೆ, ಬಾಮೈದನಿಗೆ ಹೇಳಿ ಆರು ಮನೆಯ ಕರಾರು ಪತ್ರ, ಕಳೆದ ಹನ್ನೆರಡು ತಿಂಗಳು ಬಾಡಿಗೆ ಜಮೆಯಾದ ಬ್ಯಾಂಕ್ ಪುಟಗಳು, ಮಂಜೂರಾದ ನಕ್ಷೆ, ಇವು ಮೂರನ್ನು ಮಾರುವವರಿಂದ ತರಿಸಿಕೊಳ್ಳಿ. ನಕ್ಷೆಯಲ್ಲಿ ಎರಡು ಮನೆ ಇದ್ದು ಸ್ಥಳದಲ್ಲಿ ಆರಿದ್ದರೆ, ಇಲ್ಲವೇ ಬ್ಯಾಂಕ್ ಪುಟ ತೋರಿಸಲು ಹಿಂದೆಮುಂದೆ ನೋಡಿದರೆ, ಬೆಲೆ ಹತ್ತು ಲಕ್ಷ ಇಳಿಸಿದರೂ ತೆಗೆದುಕೊಳ್ಳಬೇಡಿ.